ಹಳೇ ಯೆಜ್ಡಿಗೆ ಹೊಸ ಟ್ಯಾಂಕ್ ಬಂದಿದೆ, ನಾಳೆ ಪೇಂಟ್‌ಗೆ ಕೊಡಬಹುದಾ?

ನಾಪೋಕ್ಲು ಯೆಜ್ಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನ 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಮನೆಯಲ್ಲಿದೆ. ಅಪ್ಪ ಹೋದ ಮೇಲೆ ನಾಲ್ಕು ವರ್ಷ ಕಾಫಿ ಗೋದಾಮಿನ ಮೂಲೆಯಲ್ಲೇ ನಿಂತಿತ್ತು. ಈ ಸಲ ಹೂಮಳೆ ಬಂದ ವಾರ ಹೊರಗೆ ತೆಗೆದು, ಕಾರ್ಬುರೇಟರ್ ತೊಳೆದು, ಹೊಸ ಪ್ಲಗ್ ಹಾಕಿದೆ. ಏಳನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದರು, ಶಬ್ದ ಕೇಳಿ.

ಮಾರನೇ ದಿನ ಗೋದಾಮು ತೆರೆದರೆ ಪೆಟ್ರೋಲ್ ವಾಸನೆ. ಟ್ಯಾಂಕಿನ ಕೆಳಗಿನ ಜೋಡಣೆಯಿಂದ ಹನಿ ಹನಿಯಾಗಿ ಸಿಲಿಂಡರ್ ಮೇಲೆ ಬೀಳುತ್ತಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್‌ನಿಂದ ಸ್ವಲ್ಪ ಕೆರೆದ ಅಷ್ಟೇ, ತೂರಿ ಒಳಗೇ ಹೋಯಿತು. ಒಳಗೆ ಟಾರ್ಚ್ ಬಿಟ್ಟು ನೋಡಿದೆ. ತಳವೆಲ್ಲ ತುಕ್ಕಿನ ಹಕ್ಕಳೆ.

ಹೊರಗಿನಿಂದ ಒಂದು ಹೊಸ ಟ್ಯಾಂಕ್ ತರಿಸಿದ್ದೇನೆ. ಪೇಂಟ್ ಇಲ್ಲದ ಬರೀ ತಗಡು, ಜೊತೆಗೆ ಒಂದು ಕ್ರೋಮ್ ಮುಚ್ಚಳ. ಸುಮ್ನೆ ಚಾಸಿ ಮೇಲೆ ಇಟ್ಟು ನೋಡಿದರೆ ಹಿಂದಿನ ಬೋಲ್ಟ್ ತೂತು ಅರ್ಧ ಬೆರಳಿನಷ್ಟು ಆಚೆ ಇದೆ. ಮುಚ್ಚಳ ತಿರುಗುತ್ತದೆ, ಆದರೆ ಬಿಗಿಯಾಗುವುದಿಲ್ಲ, ಲೊಡಲೊಡ ಅನ್ನುತ್ತದೆ. ಕುಶಾಲನಗರದ ಪೇಂಟರ್ ನಾಳೆ ತಂದುಕೊಡಿ ಅಂತಿದ್ದಾರೆ, ಮಳೆ ಹಿಡಿದರೆ ಪೇಂಟ್ ಒಣಗುವುದಿಲ್ಲವಂತೆ. ಕೊಟ್ಟುಬಿಡಲಾ? ಬೋಲ್ಟು, ಮುಚ್ಚಳ ಆಮೇಲೆ ನೋಡಿಕೊಂಡರೆ ಆಗಲ್ವಾ?

ಸುಂಟಿಕೊಪ್ಪ ಸ್ಪ್ಯಾನರ್

ಕೊಡಬೇಡ ತಮ್ಮಾ. ಕೈಮುಗಿದು ಹೇಳುತ್ತೇನೆ. ಪೇಂಟ್ ಆದ ಮೇಲೆ ಫೈಲ್ ಹಿಡಿಯೋಕೂ ಆಗಲ್ಲ, ಬೆಸುಗೆ ಹಾಕೋಕೂ ಆಗಲ್ಲ. ನಾನು 28 ವರ್ಷದಿಂದ ಗಾಡಿ ಬಿಚ್ಚುತ್ತಿದ್ದೇನೆ. ಇವತ್ತಿನವರೆಗೆ ಏನೂ ಮಾಡದೆ ಸರಿಯಾಗಿ ಕೂತ ಹೊಸ ಟ್ಯಾಂಕ್ ಒಂದನ್ನೂ ನೋಡಿಲ್ಲ.

ಯಾಕೆ ಅಂತ ಹೇಳುತ್ತೇನೆ. ಮೈಸೂರು ಯಾದವಗಿರಿಯ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದಾಚೆ ಕಾರ್ಖಾನೆಯ ಟ್ಯಾಂಕ್ ಬಂದಿಲ್ಲ. ಈಗ ಸಿಗುವುದೆಲ್ಲ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೇ ಟ್ಯಾಂಕ್ ಒಂದನ್ನು ಮಾದರಿ ಇಟ್ಟುಕೊಂಡು ಬಡಿದದ್ದು. ಆ ಮಾದರಿಯೇ ಎಲ್ಲೋ ಬಿದ್ದು ಸೊಟ್ಟಗಾಗಿದ್ದರೆ ಅದರ ಮರಿಗಳೆಲ್ಲ ಸೊಟ್ಟ. 2022ರಲ್ಲಿ ಬಂದ ಹೊಸ ಯೆಜ್ಡಿಯ ಟ್ಯಾಂಕ್ ಆಗುತ್ತಾ ಅಂತ ಕೆಲವರು ಕೇಳುತ್ತಾರೆ. ಅದು ಫೋರ್ ಸ್ಟ್ರೋಕ್, ಇಂಜೆಕ್ಷನ್ ಗಾಡಿ. ಟ್ಯಾಂಕಿನ ಆಕಾರವೇ ಬೇರೆ. ಆ ಯೋಚನೆ ಬಿಟ್ಟುಬಿಡಿ.

ಈಗ ಮಾಡಬೇಕಾದ್ದು ಇಷ್ಟು. ಹಳೇ ಟ್ಯಾಂಕಿನ ರಬ್ಬರ್‌ಗಳನ್ನೇ ಹಾಕಿ ಹೊಸದನ್ನು ಕೂರಿಸು. ರಬ್ಬರ್ ಹರಿದಿದ್ದರೆ ಮೊದಲು ಹೊಸ ರಬ್ಬರ್ ತಾ. ಯಾಕಂದ್ರೆ ರಬ್ಬರ್ ಕುಸಿದರೆ ಟ್ಯಾಂಕ್ 4–5 ಮಿ.ಮೀ. ಕೆಳಗೆ ಕೂರುತ್ತದೆ, ನೀನು ತೂತು ತಪ್ಪಿದೆ ಅಂದುಕೊಳ್ಳುತ್ತೀ. ಆಮೇಲೆ ಚಪಾತಿ ಹಿಟ್ಟಿನ ಸಣ್ಣ ಉಂಡೆ ಮಾಡಿ, ಚಾಸಿ ಪೈಪಿನ ಮೇಲೆ ನಾಲ್ಕು ಕಡೆ ಅಂಟಿಸು. ಟ್ಯಾಂಕ್ ಕೂರಿಸಿ, ಬೋಲ್ಟ್ ಬಿಗಿ ಮಾಡಿ, ಮತ್ತೆ ಬಿಚ್ಚು. ಉಂಡೆ ಎಷ್ಟು ಚಪ್ಪಟೆಯಾಗಿದೆ ನೋಡು. ಎಲ್ಲಾ ಕಡೆ 5 ಮಿ.ಮೀ. ಆದರೂ ಉಳಿದಿರಬೇಕು. ಕಾಗದದಷ್ಟು ತೆಳ್ಳಗಾಗಿದ್ದರೆ ಅಲ್ಲಿ ತಗಡಿಗೆ ಕಬ್ಬಿಣ ತಾಗುತ್ತಿದೆ. ಎಂಜಿನ್ ನಡುಕಕ್ಕೆ ಒಂದೇ ಮಳೆಗಾಲದಲ್ಲಿ ಅಲ್ಲಿ ತೂತಾಗುತ್ತದೆ.

ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡು. ಕ್ಲಚ್ ಲಿವರ್ ತಾಗುತ್ತಾ? ಆಕ್ಸಿಲರೇಟರ್ ಕೇಬಲ್ ಟ್ಯಾಂಕ್ ಕೆಳಗೆ ಸಿಕ್ಕಿಕೊಳ್ಳುತ್ತಾ? ಎಂಜಿನ್ ಸ್ಟಾರ್ಟ್ ಮಾಡಿ ಹ್ಯಾಂಡಲ್ ತಿರುಗಿಸುವಾಗ ರೇಸ್ ತಾನಾಗೇ ಏರಿದರೆ ಕೇಬಲ್ ಎಳೆಯುತ್ತಿದೆ ಅಂತ ಅರ್ಥ.

ಹಿಂದಿನ ತೂತಿಗೆ ಸುತ್ತಿಗೆ ತಗೋಬೇಡ. ಬ್ರಾಕೆಟ್ ಎಳೆದು ಕೂರಿಸಿದರೆ ಬಿಗಿಯೆಲ್ಲ ಟ್ಯಾಂಕ್ ತಗಡಿನ ಮೇಲೆ ಬೀಳುತ್ತದೆ. ರೌಂಡ್ ಫೈಲ್‌ನಲ್ಲಿ ತೂತನ್ನು ಉದ್ದ ಮಾಡು, ಮೇಲೆ ದಪ್ಪ ವಾಷರ್ ಹಾಕು. ಟ್ಯಾಂಕ್ ಸುಮ್ನೆ ಇಟ್ಟಾಗ ಬೋಲ್ಟ್ ಕೈಯಲ್ಲೇ ಇಳಿಯಬೇಕು. ಅಷ್ಟು ಸಡಿಲ ಇದ್ದರೆ ಮಾತ್ರ ಸರಿ.

ವಿರಾಜಪೇಟೆ ಬುಲೆಟ್

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಕಥೆ ಕೇಳಿ. ಹಳೇ ಕ್ಯಾಸ್ಟ್ ಐರನ್ ಬುಲೆಟ್‌ಗೆ ಹೊಸ ಟ್ಯಾಂಕ್ ತರಿಸಿ, ನೇರ ಪೇಂಟ್‌ಗೆ ಕೊಟ್ಟೆ. ಬದಿಗೆ ಕೈಯಲ್ಲಿ ಗೆರೆ ಎಳೆಸಿದೆ, ಚಿನ್ನದ ಬಣ್ಣದಲ್ಲಿ. ಎಂಟು ಸಾವಿರ ಆಯಿತು. ಮನೆಗೆ ತಂದು ಪೆಟ್ರೋಲ್ ತುಂಬಿಸಿದ ರಾತ್ರಿಯೇ ಜೋಡಣೆಯ ಹತ್ತಿರ ಪೇಂಟ್ ಗುಳ್ಳೆ ಎದ್ದಿತು. ಬೆಳಿಗ್ಗೆ ಗುಳ್ಳೆ ಒತ್ತಿದರೆ ಪೆಟ್ರೋಲ್. ಸೂಜಿ ಮೊನೆಯಷ್ಟು ತೂತು. ಮಾರಿದವರಿಗೆ ಫೋನ್ ಮಾಡಿದರೆ ‘ಪೇಂಟ್ ಮಾಡಿದ ಟ್ಯಾಂಕ್ ವಾಪಸ್ ತಗೊಳ್ಳಲ್ಲ’ ಅಂದರು. ಅವರ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಅದೇ ಬರೆದಿತ್ತು. ಎಂಟು ಸಾವಿರದ ಗೆರೆಯನ್ನೆಲ್ಲ ಕೆರೆದು ತೆಗೆಯುವಾಗ ಹೊಟ್ಟೆ ಉರಿದುಹೋಯಿತು.

ಅದಕ್ಕೇ ಲೀಕ್ ನೋಡದೆ ಕೊಡಬೇಡಿ. ಕಾಕ್ (ಪೆಟ್ರೋಲ್ ಬಿಡುವ ನಲ್ಲಿ) ಕೂರುವ ತೂತಿಗೆ ಬೋಲ್ಟ್ ಹಾಕಿ ಮುಚ್ಚಿ. ಬಾಯಿಗೆ ದಪ್ಪ ರಬ್ಬರ್ ಹಾಳೆ ಕಟ್ಟಿ, ಅದರ ಮಧ್ಯೆ ಟ್ಯೂಬಿನ ವಾಲ್ವ್ ಒಂದನ್ನು ಕೂರಿಸಿ. ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹಾಕಿ. ಜೋಡಣೆ, ಕಾಕ್ ಸುತ್ತ, ಬಾಯಿ ಸುತ್ತ ಸೋಪಿನ ನೊರೆ ಹಚ್ಚಿ. ಗುಳ್ಳೆ ಬಂದರೆ ಅಲ್ಲೇ ತೂತು.

ಒಂದು ಎಚ್ಚರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತಿರ ಹೋಗಲೇಬೇಡಿ. 2–3 ಪಿಎಸ್‌ಐ ಸಾಕು. ಟೈರಿಗೆ ಹಾಕುವ 30 ಪಿಎಸ್‌ಐ ಅಂದರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 2 ಕೆ.ಜಿ. ಭಾರ. ಟ್ಯಾಂಕಿನ ಒಂದು ಬದಿ 40 ಸೆಂ.ಮೀ. ಉದ್ದ, 20 ಸೆಂ.ಮೀ. ಎತ್ತರ ಅಂತ ಇಟ್ಟುಕೊಳ್ಳಿ. ಆ ಬದಿಗೆ 1600 ಕೆ.ಜಿ. ಬಿತ್ತು. ಟ್ಯಾಂಕ್ ಹಲಸಿನ ಹಣ್ಣಿನ ಹಾಗೆ ಊದಿಕೊಳ್ಳುತ್ತದೆ.

ನಾಪೋಕ್ಲು ಯೆಜ್ಡಿ

ಪೇಂಟರ್‌ಗೆ ಫೋನ್ ಮಾಡಿ ಹದಿನೈದು ದಿನ ಬಿಟ್ಟು ಬರುತ್ತೇನೆ ಅಂದೆ. ಸ್ವಲ್ಪ ಬೇಜಾರಾದರು.

ಮೊದಲು ಎರಡೂ ಟ್ಯಾಂಕನ್ನು ಕಾಫಿ ತೂಗುವ ತಕ್ಕಡಿಗೆ ಹಾಕಿದೆ. ಹಳೇದು ಅಷ್ಟು ತುಕ್ಕು ಹಿಡಿದಿದ್ದರೂ ಹೊಸದಕ್ಕಿಂತ 700 ಗ್ರಾಂ ಜಾಸ್ತಿ ತೂಗಿತು. ಬೆರಳಲ್ಲಿ ತಟ್ಟಿದರೂ ಗೊತ್ತಾಗುತ್ತದೆ. ಹಳೇದು ‘ಧಬ್’ ಅನ್ನುತ್ತದೆ, ಹೊಸದು ಎಣ್ಣೆ ಡಬ್ಬದ ಹಾಗೆ ‘ಟಂಗ್’. ತಗಡು ತೆಳ್ಳಗಿದೆ.

ಚಪಾತಿ ಹಿಟ್ಟಿನ ಪರೀಕ್ಷೆ ಮಾಡಿದೆ. ಮುಂದೆ ಎಡಗಡೆ ಉಂಡೆ ಪೂರ್ತಿ ಅಪ್ಪಚ್ಚಿ. ನೋಡಿದರೆ ಅಲ್ಲಿ ವಯರಿಂಗ್ ಕಟ್ಟು ಹಾದುಹೋಗುತ್ತದೆ. ಹಿಂದೆ ಯಾರೋ ಪೈಪಿನ ಮೇಲುಗಡೆಯಿಂದ ಎಳೆದಿದ್ದಾರೆ. ಅದನ್ನು ಪಕ್ಕಕ್ಕೆ ಸರಿಸಿ ಕಟ್ಟಿದ ಮೇಲೆ 6 ಮಿ.ಮೀ. ಜಾಗ ಸಿಕ್ಕಿತು. ಆಶ್ಚರ್ಯ ಅಂದರೆ ವಯರ್ ಸರಿದ ಕೂಡಲೇ ಹಿಂದಿನ ತೂತೂ ಅರ್ಧಕ್ಕರ್ಧ ಸರಿಹೋಯಿತು. ಉಳಿದದ್ದು ಫೈಲ್‌ನಲ್ಲಿ ಮುಗಿಯಿತು.

ಸೋಪಿನ ನೊರೆ ಹಚ್ಚಿದಾಗ ಜೋಡಣೆಯಲ್ಲಿ ಏನೂ ಇಲ್ಲ. ಆದರೆ ಕಾಕ್ ಕೂರುವ ಬಳೆಯ ಪಕ್ಕ ಒಂದೇ ಒಂದು ಗುಳ್ಳೆ. ತುಂಬಾ ನಿಧಾನ. ಒಂದು ನಿಮಿಷಕ್ಕೆ ಅವರೆಕಾಳಿನಷ್ಟಾಗುತ್ತದೆ, ಒಡೆಯುತ್ತದೆ, ಮತ್ತೆ ಶುರು. ಅದನ್ನೇ ನೋಡುತ್ತಾ ಕೂತುಬಿಟ್ಟೆ. ಪೇಂಟ್‌ಗೆ ಕೊಟ್ಟಿದ್ದರೆ ಗತಿ ಏನಿತ್ತು!

ಇದಕ್ಕೆ ಎಂಸೀಲ್ ಹಚ್ಚಿದರೆ ಸಾಕಾ?

ಸುಂಟಿಕೊಪ್ಪ ಸ್ಪ್ಯಾನರ್

ಬೇಡ. ಎಂಸೀಲ್ ನಡುದಾರಿಯಲ್ಲಿ ಮನೆ ಸೇರೋಕೆ. ಕಾಕ್ ಹತ್ತಿರ ಸ್ಪ್ಯಾನರ್ ಹಾಕಿ ತಿರುಗಿಸುವಾಗ ಬಿಟ್ಟುಕೊಳ್ಳುತ್ತದೆ. ಬ್ರೇಜಿಂಗ್ ಮಾಡಿಸು, ಅಂದರೆ ಹಿತ್ತಾಳೆ ಕಡ್ಡಿ ಕರಗಿಸಿ ಹಾಕುವ ಬೆಸುಗೆ. ಇನ್ನೂ ಪೆಟ್ರೋಲ್ ಮುಟ್ಟದ ಟ್ಯಾಂಕ್ ಆದ್ದರಿಂದ ಧೈರ್ಯವಾಗಿ ಮಾಡಿಸಬಹುದು. ಮಾಡಿಸಿದ ಮೇಲೆ ಅಲ್ಲಿನ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಪುಡಿ) ಎಲ್ಲ ಬಿಸಿನೀರಲ್ಲಿ ತೊಳಿ. ಉಳಿದರೆ ಅದರಿಂದಲೇ ತುಕ್ಕು ಶುರುವಾಗುತ್ತದೆ. ಮತ್ತೆ ಸೋಪಿನ ಪರೀಕ್ಷೆ ಮಾಡು.

ಆದರೆ ಹಳೇ ಟ್ಯಾಂಕಿಗೆ ಬೆಂಕಿ ತೋರಿಸಬೇಡಿ. ಇದನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ‘ಪೆಟ್ರೋಲ್ ಖಾಲಿ ಮಾಡಿದ್ದೇನೆ, ಒಂದು ವಾರ ಬಿಸಿಲಲ್ಲಿ ಇಟ್ಟಿದ್ದೇನೆ’ ಅಂತ ತರುತ್ತಾರೆ. ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕೇ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಒಂದೂವರೆ ಪಾಲಿನಿಂದ ಏಳೂವರೆ ಪಾಲಿನಷ್ಟು ಇದ್ದಾಗ ಸ್ಫೋಟ ಆಗುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಅದಕ್ಕಿಂತ ದಟ್ಟ. ಖಾಲಿ ಮಾಡಿಟ್ಟ ಟ್ಯಾಂಕಿನೊಳಗೆ ಸರಿಯಾಗಿ ಆ ಅಳತೆಗೇ ಬಂದು ನಿಂತಿರುತ್ತದೆ. ತುಕ್ಕಿನ ಹಕ್ಕಳೆ ಅಡಿಯಲ್ಲಿ, ಜೋಡಣೆಯ ಸಂದಿನಲ್ಲಿ ಪೆಟ್ರೋಲ್ ಉಳಿದೇ ಇರುತ್ತದೆ. ಬಿಸಿ ತಾಗಿದಾಗ ಆವಿಯಾಗಿ ಹೊರಗೆ ಬರುತ್ತದೆ. ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಹೀಗೇ ಒಬ್ಬರ ಎಡಗೈಯ ಎರಡು ಬೆರಳು ಹೋಯಿತು. ಸೋಡಾ ಹಾಕಿ ಕುದಿಸಿ ತೊಳೆದು, ಬಾಯಿಮಟ್ಟ ನೀರು ತುಂಬಿಸಿ ಮಾಡುವವರಿದ್ದಾರೆ. ಅದು ಟ್ಯಾಂಕ್ ರಿಪೇರಿಯನ್ನೇ ಕಸುಬು ಮಾಡಿಕೊಂಡವರ ಕೆಲಸ.

ಸೋಮವಾರಪೇಟೆ ಸವಾರ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಅಪ್ಪನ ಟ್ಯಾಂಕ್ ಅಂತೀರಾ, ತಗಡು ಗಟ್ಟಿ ಇದೆ ಅಂತೀರಾ. ಅದನ್ನೇ ಉಳಿಸಬಹುದಲ್ವಾ? ನನ್ನ ಜಾವಾ ಟ್ಯಾಂಕಿನ ತುಕ್ಕನ್ನು ನಿಂಬೆ ಉಪ್ಪಿನಲ್ಲಿ ತೆಗೆದೆ. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಲೆಕ್ಕದಲ್ಲಿ ಬಾಯಿಮಟ್ಟ ತುಂಬಿಸಿ ಒಂದು ದಿನ ಬಿಟ್ಟೆ. ಚೆಲ್ಲಿದಾಗ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಗೆ ಬಂತು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ತಕ್ಷಣ ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ ಎಣ್ಣೆ) ಹಾಕಿ ಅಲುಗಾಡಿಸಿದೆ. ಆ ‘ತಕ್ಷಣ’ ಮುಖ್ಯ. ಊಟ ಮಾಡಿ ಬರುತ್ತೇನೆ ಅಂತ ಬಿಟ್ಟರೆ ಅಷ್ಟರಲ್ಲಿ ಒಳಗೆಲ್ಲ ಕೆಂಪು ಕೂತಿರುತ್ತದೆ.

ನಿಮ್ಮದರಲ್ಲಿ ತೂತು ಇರುವುದರಿಂದ ಒಳಗೆ ಸೀಲರ್ ಹಾಕಬೇಕಾಗುತ್ತದೆ. ಎರಡು ಕೆಮಿಕಲ್ ಬೆರೆಸಿ ಒಳಗೆ ಸುರಿದು ಟ್ಯಾಂಕ್ ಉರುಳಿಸುವುದು.

ಸುಂಟಿಕೊಪ್ಪ ಸ್ಪ್ಯಾನರ್

ನಿಂಬೆ ಉಪ್ಪು ಒಳ್ಳೇದು, ನಾನೂ ಅದನ್ನೇ ಮಾಡುತ್ತೇನೆ. ಆದರೆ ಸೀಲರ್ ವಿಷಯದಲ್ಲಿ ಒಪ್ಪುವುದಿಲ್ಲ. ಅದು ತುಕ್ಕಿನ ಮೇಲೆ ಹಿಡಿಯಲ್ಲ, ಎಣ್ಣೆಯ ಮೇಲೂ ಹಿಡಿಯಲ್ಲ. ಟೂ ಸ್ಟ್ರೋಕ್ ಗಾಡಿಯ ಟ್ಯಾಂಕ್ ಅಂದರೆ ಮೂವತ್ತು ನಲವತ್ತು ವರ್ಷ ಎಣ್ಣೆ ಕುಡಿದ ತಗಡು. ಮೇಲಿಂದ ಈಗ ಬಂಕ್‌ಗಳಲ್ಲಿ ಬರುವುದು ಇ20. ಬೆಂಗಳೂರಿನಲ್ಲಿ 2023ರ ಫೆಬ್ರವರಿಯಲ್ಲಿ ಶುರು ಮಾಡಿದ್ದು, ಈಗ ಎಲ್ಲ ಕಡೆ ಅದೇ. ನೂರಕ್ಕೆ 20 ಪಾಲು ಎಥನಾಲ್. ಎಷ್ಟೋ ಹಳೇ ಸೀಲರ್‌ಗಳು ಎಥನಾಲ್ ಬೀಳುತ್ತಿದ್ದಂತೆ ಹಾವಿನ ಪೊರೆಯ ಹಾಗೆ ಎದ್ದು ಬರುತ್ತವೆ. ಒಂದು ಟ್ಯಾಂಕಿನಿಂದ ನಾನು ಇಕ್ಕಳದಲ್ಲಿ ಅಂಗೈ ಅಗಲದ ಹಾಳೆ ಎಳೆದಿದ್ದೇನೆ. ಅದೇ ಕಾಕ್ ಬಾಯಿಗೆ ಅಡ್ಡ ಬಿದ್ದಿತ್ತು. ಹಾಕಲೇಬೇಕು ಅಂದರೆ ಡಬ್ಬದ ಮೇಲೆ ಎಥನಾಲ್‌ಗೆ ಆಗುತ್ತದೆ ಅಂತ ಬರೆದದ್ದೇ ತಗೊಳ್ಳಿ. ತೂತು ಒಂದೆರಡು ಸೂಜಿ ಮೊನೆಯಷ್ಟಿದ್ದರೆ ಸರಿ. ಸ್ಕ್ರೂಡ್ರೈವರ್ ತೂರುವ ತಗಡಿಗೆ ಬೇಡ.

ಸೋಮವಾರಪೇಟೆ ಸವಾರ

ಆಯ್ತು ಅಣ್ಣ. ತಗಡೇ ತೂರಿಹೋಗಿದ್ದರೆ ಹೊಸದೇ ಸರಿ. ಆದರೆ ಹಳೇ ಟ್ಯಾಂಕನ್ನು ಗುಜರಿಗೆ ಮಾತ್ರ ಕೊಡಬೇಡಿ.

ಗೋಣಿಕೊಪ್ಪ ಟ್ರಯಂಫ್

ಎಲ್ಲರೂ ಟ್ಯಾಂಕ್ ಬಗ್ಗೆ ಹೇಳಿದಿರಿ, ಮುಚ್ಚಳದ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಹೊಸ ಟ್ಯಾಂಕ್ ತರಿಸಿದವರಿಗೆ ಅತೀ ಜಾಸ್ತಿ ತೊಂದರೆ ಕೊಡುವುದು ಅದೇ. ನಮ್ಮ ತಾತ ಮಿಲಿಟರಿಯಿಂದ ರಿಟೈರ್ ಆಗಿ ಬಂದಾಗ ತಂದ ಗಾಡಿ ನನ್ನ ಹತ್ತಿರ ಇದೆ. ಅದರ ಮುಚ್ಚಳದ ಹಿಂದೆ ಎರಡು ವರ್ಷ ಅಲೆದಿದ್ದೇನೆ.

ಹಳೇ ಬ್ರಿಟಿಷ್ ಗಾಡಿಗಳ ಮುಚ್ಚಳ ಒಂದೇ ಥರ ಕಾಣುತ್ತದೆ, ಆದರೆ 2 ಇಂಚಿನದು ಬೇರೆ, ಎರಡೂವರೆ ಇಂಚಿನದು ಬೇರೆ. ಫೋಟೋ ನೋಡಿ ತರಿಸಿದರೆ ಮೋಸ. ಯೆಜ್ಡಿ ಇರಲಿ, ಬುಲೆಟ್ ಇರಲಿ, ಕಾಲು ಸುತ್ತು ತಿರುಗಿಸಿ ಕೂರಿಸುವ ಮುಚ್ಚಳಕ್ಕೆ ಎರಡು ಅಳತೆ ಬೇಕು. ಬಾಯಿಯ ಒಳ ಅಗಲ ಒಂದು. ಇನ್ನೊಂದು, ವಾಷರ್ ಕೂರುವ ಅಂಚಿನಿಂದ ಮುಚ್ಚಳದ ಕಿವಿಗಳು ಹೋಗಿ ಹಿಡಿಯುವ ಜಾಗದವರೆಗೆ ಎಷ್ಟು ಆಳ ಅಂತ. ಈ ಎರಡನೇ ಅಳತೆ ಯಾರೂ ತಗೊಳ್ಳುವುದಿಲ್ಲ. ಹೊಸ ಟ್ಯಾಂಕಿನಲ್ಲಿ ಆ ಆಳ ಕಡಿಮೆ ಇದ್ದರೆ ಮುಚ್ಚಳ ಲೊಡಲೊಡ ಅನ್ನುತ್ತದೆ. ಜಾಸ್ತಿ ಇದ್ದರೆ ತಿರುಗುವುದೇ ಇಲ್ಲ. ನಿಮ್ಮದು ಲೊಡಲೊಡ ಅಂದಿರಿ. ಹಳೇ ಟ್ಯಾಂಕ್, ಹೊಸ ಟ್ಯಾಂಕ್ ಎರಡರಲ್ಲೂ ಅಳೆದು ನೋಡಿ. ಎಷ್ಟು ವ್ಯತ್ಯಾಸ ಇದೆಯೋ ಹೊಸ ವಾಷರ್ ಹಳೇದಕ್ಕಿಂತ ಅಷ್ಟು ಜಾಸ್ತಿ ದಪ್ಪ ಇರಬೇಕು. ಮುಚ್ಚಳದ ಕಿವಿ ಬಗ್ಗಿಸೋಕೆ ಹೋಗಬೇಡಿ. ಒಂದು ಕಿವಿ ಜಾಸ್ತಿ ಬಗ್ಗಿದರೆ ಮುಚ್ಚಳ ಒಂದು ಕಡೆಗೆ ವಾಲಿ ಕೂರುತ್ತದೆ, ಆ ಸಂದಿಯಲ್ಲಿ ಮಳೆ ನೀರು ಇಳಿಯುತ್ತದೆ.

ವಾಷರ್‌ಗೆ ಸೈಕಲ್ ಟ್ಯೂಬ್ ಬೇಡ. ಪೆಟ್ರೋಲ್ ತಾಗಿದರೆ ಊದುತ್ತದೆ. ಸಿಲಿಕೋನ್ ಪೇಸ್ಟೂ ಬೇಡ, ಅದೂ ಊದಿ ತುಂಡು ತುಂಡಾಗಿ ಕಾರ್ಬುರೇಟರ್‌ಗೆ ಹೋಗುತ್ತದೆ. ನೈಟ್ರೈಲ್ ರಬ್ಬರ್ ಹಾಳೆ ಕೇಳಿ. ವಿಟಾನ್ ಅನ್ನುವ ರಬ್ಬರ್ ಸಿಕ್ಕಿದರೆ ಇನ್ನೂ ಒಳ್ಳೇದು, ಎಥನಾಲ್‌ಗೂ ಜಗ್ಗುವುದಿಲ್ಲ. ಬೆಲೆ ಜಾಸ್ತಿ, ಆದರೆ ಬೇಕಾದ್ದು ಅಂಗೈಯಗಲ ಅಷ್ಟೇ ಅಲ್ವಾ.

ಕಾಕ್ ವಿಷಯಕ್ಕೂ ಒಂದು ಮಾತು. ಹೊಸ ಟ್ಯಾಂಕಿನ ಥ್ರೆಡ್ ಕೈಯಲ್ಲಿ ನಾಲ್ಕು ಸುತ್ತಾದರೂ ಸಲೀಸಾಗಿ ಹೋಗಬೇಕು. ಬ್ರಿಟಿಷ್ ಗಾಡಿಗಳ ಕಾಲು ಇಂಚಿನ ಬಿಎಸ್‌ಪಿ (ಬ್ರಿಟಿಷ್ ಪೈಪ್ ಅಳತೆ) ಥ್ರೆಡ್ ಹೊರ ಅಗಲ 13.16 ಮಿ.ಮೀ., ಇಂಚಿಗೆ 19 ಸುತ್ತು. ಅಲ್ಲಿಗೆ ಮೆಟ್ರಿಕ್ ಕಾಕ್ ಹಾಕಿದರೆ ಎರಡು ಸುತ್ತು ಹೋಗುತ್ತದೆ, ಆಮೇಲೆ ಥ್ರೆಡ್ ತಿಂದುಬಿಡುತ್ತದೆ. ಟೆಫ್ಲಾನ್ ಟೇಪ್ ಸುತ್ತಬೇಡಿ, ಅದರ ನೂಲು ಕಾರ್ಬುರೇಟರ್ ಜೆಟ್‌ನ ಸಣ್ಣ ತೂತಿನಲ್ಲಿ ಕೂರುತ್ತದೆ. ಅಲ್ಲಿ ಸೀಲ್ ಆಗಬೇಕಾದ್ದು ಥ್ರೆಡ್ ಅಲ್ಲ, ವಾಷರ್.

ನಾಪೋಕ್ಲು ಯೆಜ್ಡಿ

ಅಕ್ಕಾ, ತುಂಬಾ ಥ್ಯಾಂಕ್ಸ್. ಈಗಷ್ಟೇ ಅಳೆದೆ. ಹಳೇದರಲ್ಲಿ ಆಳ 7 ಮಿ.ಮೀ., ಹೊಸದರಲ್ಲಿ ಐದೂವರೆ. ನೀವು ಹೇಳಿದ ಹಾಗೇ ಇದೆ. ವಿಟಾನ್ ಹಾಳೆಗೆ ಆರ್ಡರ್ ಹಾಕಿದ್ದೇನೆ, ಬರೋಕೆ ವಾರ ಆಗುತ್ತದಂತೆ.

ಕುಶಾಲನಗರ ಕಲರ್

ಪೇಂಟ್ ಕೆಲಸದವನಾಗಿ ಎರಡು ಮಾತು. ಬಾಯಿಯ ಅಂಚು, ಕಾಕ್ ಥ್ರೆಡ್, ಬೋಲ್ಟ್ ತೂತು ಮೂರನ್ನೂ ಟೇಪ್ ಹಾಕಿ ಮುಚ್ಚೋಕೆ ಹೇಳಿ. ಪ್ರೈಮರ್, ಕಲರ್, ಲ್ಯಾಕರ್ ಎಲ್ಲ ಸೇರಿ ಅಂಚಿನಲ್ಲಿ ದಪ್ಪ ಕೂತರೆ ಮುಚ್ಚಳ ಹಿಡಿಯುತ್ತದೆ, ಬಲವಂತವಾಗಿ ತಿರುಗಿಸಿದರೆ ಪೇಂಟ್ ಚಕ್ಕೆ ಏಳುತ್ತದೆ. ಮೇಲಿನ ಕೋಟ್ ಟೂಕೆ ಲ್ಯಾಕರ್ (ಹಾರ್ಡ್ನರ್ ಬೆರೆಸಿ ಹೊಡೆಯುವಂಥದ್ದು) ಇರಲಿ. ಸಾದಾ ಲ್ಯಾಕರ್ ಮೇಲೆ ಪೆಟ್ರೋಲ್ ಚೆಲ್ಲಿದರೆ ಅಂಟಂಟಾಗುತ್ತದೆ. ಕ್ರೋಮ್ ಮಾಡಿಸುವವರು ಲೀಕ್ ಪರೀಕ್ಷೆ, ಬ್ರೇಜಿಂಗ್ ಎಲ್ಲ ಮುಗಿಸಿಯೇ ಕೊಡಿ. ಆಸಿಡ್ ತೊಟ್ಟಿಯಲ್ಲಿ ಮುಳುಗಿಸುತ್ತಾರೆ, ಸಣ್ಣ ತೂತಿದ್ದರೆ ಆಸಿಡ್ ಒಳಗೆ ಹೋಗಿ ಕೂರುತ್ತದೆ.

ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲಿ ತಿದ್ದಿಸಬೇಕು. ಅದೇ ಬಣ್ಣ ಆದರೆ ತಲೆನೋವಿಲ್ಲ.

ನಾಪೋಕ್ಲು ಯೆಜ್ಡಿ

ಕ್ಷಮಿಸಿ, ಒಂದು ತಿಂಗಳು ಬರೆಯೋಕೆ ಆಗಲಿಲ್ಲ. ಬ್ರೇಜಿಂಗ್ ಆಯಿತು, ಪೇಂಟ್ ಆಯಿತು, ಅದೇ ಹಳೇ ಕೆಂಪು. ಅಮ್ಮ ಮುಟ್ಟಿ ನೋಡಿ ಏನೂ ಹೇಳಲಿಲ್ಲ, ಸೆರಗಿನಲ್ಲಿ ಒಂದು ಸಲ ಒರೆಸಿದರು.

ಆದರೆ ಹೊಸ ತೊಂದರೆ. ಮೊನ್ನೆ ಭಾನುವಾರ ತಲಕಾವೇರಿಗೆ ಹೊರಟೆ. ಭಾಗಮಂಡಲದವರೆಗೆ ಗಾಡಿ ಬೆಣ್ಣೆ ಹಾಗೆ ಬಂತು. ಅಲ್ಲಿಂದ ಮೇಲೆ 8 ಕಿ.ಮೀ. ಏರು. ಅರ್ಧ ಏರುವಷ್ಟರಲ್ಲಿ ಶಕ್ತಿ ಇಳಿಯಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬಂದೆ. ಶಬ್ದ ಒಣಗಿದ ಹಾಗಾಯಿತು, ಆಮೇಲೆ ಆಫ್. ಸುತ್ತ ಮಂಜು, ಸಣ್ಣ ಮಳೆ. ಮಳೆಗೆ ಅಂತ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಅದು ಮುಚ್ಚಳದ ಮೇಲೆ ಅಂಟಿಕೊಂಡು ಒಳಕ್ಕೆ ಎಳೆದ ಹಾಗಿತ್ತು. ಕವರ್ ಕಿತ್ತು ಮುಚ್ಚಳ ತಿರುಗಿಸಿದೆ. ‘ಸ್ಸ್’ ಅಂತ ಗಾಳಿ ಒಳಗೆ ಹೋದ ಶಬ್ದ ಸ್ಪಷ್ಟವಾಗಿ ಕೇಳಿಸಿತು. ಎರಡು ನಿಮಿಷ ಬಿಟ್ಟು ಕಿಕ್ ಮಾಡಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಕವರ್‌ನದ್ದೇ ತಪ್ಪು ಅಂದುಕೊಂಡು ಅದನ್ನು ಜೇಬಿಗೆ ಹಾಕಿ ಹೊರಟೆ. ಎರಡು ಕಿ.ಮೀ. ಹೋಗುವಷ್ಟರಲ್ಲಿ ಮತ್ತೆ ಅದೇ. ಮತ್ತೆ ಮುಚ್ಚಳ ತೆರೆದರೆ ಮತ್ತೆ ‘ಸ್ಸ್’. ಕೊನೆಗೆ ಮುಚ್ಚಳ ಸಡಿಲ ಬಿಟ್ಟು, ಮೇಲೆ ಕೈಗವಸು ಇಟ್ಟುಕೊಂಡು ನಿಧಾನವಾಗಿ ಮನೆಗೆ ಬಂದೆ.

ಏನಿರಬಹುದು?

ಸುಂಟಿಕೊಪ್ಪ ಸ್ಪ್ಯಾನರ್

ತಮ್ಮಾ, ಮೊದಲು ಗಾಡಿ ಓಡಿಸೋದು ನಿಲ್ಲಿಸು. ಆಮೇಲೆ ಓದು.

ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಅಷ್ಟೇ ಗಾಳಿ ಮೇಲಿಂದ ಒಳಗೆ ಹೋಗಬೇಕು. ಅದಕ್ಕೇ ಮುಚ್ಚಳದಲ್ಲಿ ಗಾಳಿ ತೂತು ಇರುವುದು. ಅದು ಮುಚ್ಚಿದರೆ ಸಪಾಟು ರಸ್ತೆಯಲ್ಲಿ ಸ್ವಲ್ಪ ದೂರ ಓಡುತ್ತದೆ. ಏರಿನಲ್ಲಿ ಎಂಜಿನ್ ಜಾಸ್ತಿ ಕುಡಿಯುತ್ತದಲ್ಲ, ಅಲ್ಲಿ ಸಿಕ್ಕಿಬೀಳುತ್ತದೆ. ಟ್ಯಾಂಕ್ ತುಂಬಿದ್ದಾಗ ಇನ್ನೂ ಬೇಗ, ಯಾಕಂದ್ರೆ ಒಳಗೆ ಗಾಳಿಯ ಜಾಗವೇ ಕಡಿಮೆ.

ಬುಲೆಟ್ ಆಗಿದ್ದರೆ ಆಫ್ ಆಗುತ್ತದೆ, ಅಷ್ಟೇ. ನಿನ್ನದು ಟೂ ಸ್ಟ್ರೋಕ್. ಎಣ್ಣೆ ಪೆಟ್ರೋಲ್ ಜೊತೆಗೇ ಬರುತ್ತದೆ. ಪೆಟ್ರೋಲ್ ನಿಂತರೆ ಎಣ್ಣೆಯೂ ನಿಂತ ಹಾಗೆ. ಏರಿನಲ್ಲಿ, ಪೂರ್ತಿ ಆಕ್ಸಿಲರೇಟರ್‌ನಲ್ಲಿ, ಎಣ್ಣೆ ಇಲ್ಲದೆ ಪಿಸ್ಟನ್ ಉಜ್ಜಿದೆ. ನೀನು ಕೇಳಿದ ‘ಒಣಗಿದ ಶಬ್ದ’ ಅದೇ. ಇನ್ನೊಂದು ನಿಮಿಷ ಒತ್ತಿದ್ದರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುತ್ತಿತ್ತು. ಪ್ಲಗ್ ಬಿಚ್ಚಿ ಬಣ್ಣ ನೋಡು. ಸೈಲೆನ್ಸರ್‌ಗಳನ್ನು ಬಿಚ್ಚಿ, ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟ್‌ನಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡು. ಉದ್ದುದ್ದ ಗೀರು ಕಂಡರೆ ಹೇಳು.

ಮುಚ್ಚಳದ ತೂತು ಪರೀಕ್ಷೆ ಸುಲಭ. ಮುಚ್ಚಳವನ್ನು ಬಿಗಿಯಾಗಿ ಹಾಕು. ಕಾರ್ಬುರೇಟರ್‌ನಿಂದ ಟ್ಯೂಬ್ ಬಿಚ್ಚಿ ಬಾಟಲಿಗೆ ಬಿಡು, ಕಾಕ್ ತೆರೆ. ಒಂದು ಲೀಟರ್ ಬರುವವರೆಗೆ ಧಾರೆ ಒಂದೇ ಸಮ ಇರಬೇಕು. ಮೊದಲು ಜೋರಾಗಿ ಬಂದು, ಆಮೇಲೆ ದಾರದಷ್ಟಾಗಿ, ಹನಿಯಾದರೆ ತೂತು ಮುಚ್ಚಿದೆ. ಬಯಲಲ್ಲಿ ಮಾಡು, ಬೀಡಿ ಸೇದುವವರನ್ನು ದೂರ ಕಳಿಸು.

ಅದೇ ಹೊತ್ತಿಗೆ ರಿಸರ್ವ್ ಕೂಡ ಅಳೆದುಬಿಡು. ಮೇನ್ ಪೂರ್ತಿ ಇಳಿದು ನಿಲ್ಲಲಿ, ಆಮೇಲೆ ರಿಸರ್ವ್‌ಗೆ ತಿರುಗಿಸಿ ಎಷ್ಟು ಬರುತ್ತದೆ ನೋಡು. ಹೊಸ ಟ್ಯಾಂಕಿನಲ್ಲಿ ಕಾಕ್ ಕೂರುವ ಜಾಗ ಸ್ವಲ್ಪ ಮೇಲಿದ್ದರೂ ರಿಸರ್ವ್ ಲೆಕ್ಕ ಬದಲಾಗುತ್ತದೆ. ಮಾಕುಟ್ಟ ಘಾಟಿ ಮಧ್ಯೆ ಅದನ್ನು ಕಂಡುಕೊಳ್ಳಬಾರದು. ಕಾಕ್ ಇಲ್ಲದ ಕಡೆಯ ಹೊಟ್ಟೆಯಲ್ಲೂ ಪೆಟ್ರೋಲ್ ಉಳಿದಿರುತ್ತದೆ, ಗಾಡಿಯನ್ನು ಕಾಕ್ ಇರುವ ಕಡೆಗೆ ಒರಗಿಸಿದರೆ ಈಚೆ ಬರುತ್ತದೆ.

ಗೋಣಿಕೊಪ್ಪ ಟ್ರಯಂಫ್

ವಾಷರ್ ಯಾವುದು ಹಾಕಿದಿರಿ? ವಿಟಾನ್ ಬಂತಾ?

ನಾಪೋಕ್ಲು ಯೆಜ್ಡಿ

ಅಕ್ಕಾ, ನೀವು ಕೇಳಿದ್ದೇ ಸರಿ. ವಿಟಾನ್ ಬರೋದು ತಡವಾಯಿತು. ಪೇಂಟ್ ಆಗಿ ಬಂದ ಟ್ಯಾಂಕ್ ಎದುರಿಗಿದ್ದಾಗ ತಡೆಯೋಕೆ ಆಗಲಿಲ್ಲ. ಸೈಕಲ್ ಟ್ಯೂಬನ್ನೇ ಎರಡು ಪದರ ಮಾಡಿ ಕತ್ತರಿಸಿ ಹಾಕಿದ್ದೆ. ಈಗ ತೆಗೆದು ನೋಡಿದೆ. ಹಾಕುವಾಗ ಗುಂಡಗಿದ್ದದ್ದು ಈಗ ನೀರುದೋಸೆ ಅಂಚಿನ ಹಾಗೆ ಅಲೆ ಅಲೆಯಾಗಿದೆ. ಒಳಗಿನ ಅಂಚು ಊದಿ, ಮುಚ್ಚಳದ ಕೆಳತಟ್ಟೆಯ ಗಾಳಿ ತೂತಿನ ಮೇಲೇ ಬಂದು ಕೂತಿದೆ. ತೂತು ಸರಿಯಾಗೇ ಇತ್ತು, ಮುಚ್ಚಿದ್ದು ನಾನು ಹಾಕಿದ ವಾಷರ್.

ಪಿಸ್ಟನ್ ನೋಡಿದೆ ಅಣ್ಣ. ಎಡಗಡೆ ಪೋರ್ಟ್‌ನಿಂದ ಎರಡು ಸಣ್ಣ ಗೀರು ಕಾಣುತ್ತದೆ, ಉಗುರಿಗೆ ಸಿಗುವುದಿಲ್ಲ. ಪ್ಲಗ್ ಬೆಳ್ಳಗಿತ್ತು.

ಸುಂಟಿಕೊಪ್ಪ ಸ್ಪ್ಯಾನರ್

ಉಗುರಿಗೆ ಸಿಗದಿದ್ದರೆ ಬದುಕಿತು. ಬೋರ್ ಬಿಚ್ಚಬೇಡ. ಮುಂದಿನ ಎರಡು ಟ್ಯಾಂಕ್ ಲೀಟರಿಗೆ 40 ಮಿ.ಲೀ. ಟೂಟಿ ಹಾಕಿ ನಿಧಾನವಾಗಿ ಓಡಿಸು. ಎಣ್ಣೆಯನ್ನು ಮೊದಲೇ ಡಬ್ಬದಲ್ಲಿ ಪೆಟ್ರೋಲ್ ಜೊತೆ ಕಲಸಿ ಹಾಕು, ನೇರ ಟ್ಯಾಂಕಿಗೆ ಸುರಿದರೆ ತಳದಲ್ಲಿ ಕೂರುತ್ತದೆ.

ವಿರಾಜಪೇಟೆ ಬುಲೆಟ್

ಮಳೆಗಾಲಕ್ಕೆ ಕವರ್ ಕಟ್ಟುವುದನ್ನು ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ನಿಲ್ಲಿಸಿದಾಗ ಕಟ್ಟಿ, ಓಡಿಸುವಾಗ ಬಿಚ್ಚಿ. ನೀರು ತಡೆಯೋದು ವಾಷರ್ ಕೆಲಸ. ಒಳ್ಳೇ ಮುಚ್ಚಳದಲ್ಲಿ ಗಾಳಿ ನೇರ ಮೇಲಿಂದ ಹೋಗುವುದಿಲ್ಲ. ಎರಡು ತಟ್ಟೆಗಳ ಮಧ್ಯೆ ಸುತ್ತಿಕೊಂಡು ಹೋಗುತ್ತದೆ, ಆದ್ದರಿಂದ ಹನಿ ಇಳಿಯಲ್ಲ. ನೇರ ಮೇಲಿಂದ ಡ್ರಿಲ್ ಮಾಡಿದ ಮುಚ್ಚಳ ಈ ಮಳೆಗೆ ಆಗದು. ರೇಸ್ ಗಾಡಿಯ ಹಾಗೆ ಮೇಲೆತ್ತಿ ತೆಗೆಯುವ ಕ್ರೋಮ್ ಮುಚ್ಚಳಗಳೂ ಅಷ್ಟೇ. ನೋಡೋಕೆ ಚೆಂದ. ನಾನು ಹಾಕಿದ್ದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಪೆಟ್ರೋಲ್ ಅಂಚಿನಿಂದ ಒಸರಿ ಪ್ಯಾಂಟ್ ಮೇಲೆ ಬರುತ್ತಿತ್ತು.

ಇನ್ನೊಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರ್ಧ ಟ್ಯಾಂಕ್ ಬಿಟ್ಟು ನಿಲ್ಲಿಸಬೇಡಿ. ಖಾಲಿ ಜಾಗದಲ್ಲಿ ನಮ್ಮ ತೇವದ ಗಾಳಿ ರಾತ್ರಿ ತಣ್ಣಗಾಗಿ ನೀರಿಳಿಯುತ್ತದೆ. ಎಥನಾಲ್ ಆ ನೀರನ್ನು ಹೀರುತ್ತದೆ. ಜಾಸ್ತಿಯಾದಾಗ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನಿಮ್ಮ ಹಳೇ ಟ್ಯಾಂಕ್ ತಳದಿಂದಲೇ ಹೋಯಿತಲ್ಲ. ಓಡಿಸುವುದಾದರೆ ತುಂಬಿಸಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೂರ್ತಿ ಖಾಲಿ ಮಾಡಿ, ಒಳಗೆ ಎಣ್ಣೆ ಸವರಿ ಇಡಿ.

ನಾಪೋಕ್ಲು ಯೆಜ್ಡಿ

ವಿಟಾನ್ ಬಂತು. ಹಳೇ ಮುಚ್ಚಳದ ವಾಷರ್ ಅಚ್ಚು ಇಟ್ಟು ಕತ್ತರಿಸಿದೆ, ಗಾಳಿ ತೂತಿನಿಂದ 3 ಮಿ.ಮೀ. ಜಾಗ ಬಿಟ್ಟು. ಬಾಟಲಿ ಪರೀಕ್ಷೆ ಮಾಡಿದೆ, ಒಂದು ಲೀಟರ್ ಮುಗಿಯುವವರೆಗೂ ಧಾರೆ ಒಂದೇ ಸಮ. ರಿಸರ್ವ್ ಅಳೆದರೆ ಒಂದೂಕಾಲು ಲೀಟರ್ ಬಂತು. ಮುಚ್ಚಳದ ಮೇಲೆ ಹತ್ತು ನಿಮಿಷ ಚೊಂಬಿನಲ್ಲಿ ನೀರು ಸುರಿದೆ, ಒಳಗೆ ಒಂದು ಹನಿ ಇಲ್ಲ.

ಇವತ್ತು ಬೆಳಿಗ್ಗೆ ಮತ್ತೆ ತಲಕಾವೇರಿಗೆ ಹೋಗಿ ಬಂದೆ. ಅಮ್ಮ ಹಿಂದೆ ಕೂತಿದ್ದರು. ಏರಿನಲ್ಲಿ ಎಲ್ಲೂ ನಿಲ್ಲಲಿಲ್ಲ.

ಸಿದ್ದಾಪುರ ಹೊಸಬ

ಅಣ್ಣ, ನನ್ನದೂ ರೋಡ್‌ಕಿಂಗ್. ಟ್ಯಾಂಕ್ ಇಲ್ಲದೆ ತಗೊಂಡಿದ್ದೇನೆ, ಮುಚ್ಚಳವೂ ಇಲ್ಲ. ಅಳತೆ ಎಲ್ಲಿಂದ ಹಿಡಿಯಲಿ ಗೊತ್ತಾಗುತ್ತಿಲ್ಲ.

ನಾಪೋಕ್ಲು ಯೆಜ್ಡಿ

ನಮ್ಮ ಹಳೇದು ಅಟ್ಟದ ಮೇಲೆ ಇದೆ, ಬಾಯಿ, ಬ್ರಾಕೆಟ್ ಎಲ್ಲ ಗಟ್ಟಿಯಾಗಿದೆ. ಭಾನುವಾರ ಬನ್ನಿ. ವರ್ನಿಯರ್ ಇದ್ದರೆ ತನ್ನಿ, ಇಲ್ಲದಿದ್ದರೆ ನನ್ನ ಹತ್ತಿರ ಇದೆ.